ವ್ಯಾಪಾರ ಇಳಿದಾಗ ಮೋಸ ಏರುತ್ತದೆ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)





ಉರ್ದು, ಕನ್ನಡ ಪಾಠ ಮಾಡುವ ಮೇಷ್ಟ್ರಿಗೆ ವ್ಯಾಪಾರದ ವಿಷಯ ಏಕೆ ಕೊಟ್ಟರು ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ನನಗೂ ಅನಿಸಿತ್ತು. ಕಾರ್ಯದರ್ಶಿಯವರನ್ನು ಕೇಳಿದೆ. "ನಮ್ಮ ಜನ ದುಡ್ಡು ಕಳೆದುಕೊಂಡದ್ದು ಲೆಕ್ಕ ಬಾರದೆ ಅಲ್ಲ ಸಾರ್, ಬರೆದಿಡದೆ. ಓದು ಬರಹ ಕಲಿಸುವವರು ನೀವೇ ತಾನೇ?" ಎಂದರು. ಈ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಆದ್ದರಿಂದ ನಿಮ್ಮ ಮುಂದೆ ನಿಂತಿದ್ದೇನೆ.

ನನಗೆ ಚೆನ್ನಾಗಿ ಗೊತ್ತಿರುವ ವ್ಯಾಪಾರ ಒಂದೇ, ಮಂಡಕ್ಕಿ. ದಾವಣಗೆರೆಯವರಿಗೆ ಮಂಡಕ್ಕಿ ಭಟ್ಟಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಹೊರಗಿನಿಂದ ಬಂದ ಅತಿಥಿಗಳಿಗಾಗಿ ಎರಡು ಮಾತು ಹೇಳುತ್ತೇನೆ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಕಾದ ಮರಳಿನಲ್ಲಿ ಹುರಿದು ಚೀಲಕ್ಕೆ ತುಂಬುವ ಕೆಲಸ. ಮನೆಮಂದಿಯೆಲ್ಲ ಹೊಗೆಯಲ್ಲಿ ದುಡಿಯಬೇಕು. ಭತ್ತದ ಸಾಹುಕಾರರಿಂದ ಭತ್ತ ಉಧಾರಿ ಬರುತ್ತದೆ, ಮಂಡಕ್ಕಿ ಚೀಲ ಅಂಗಡಿಗಳಿಗೆ ಉಧಾರಿ ಹೋಗುತ್ತದೆ. ಈ ಎರಡು ಉಧಾರಿಗಳ ನಡುವೆ ಉಳಿದ ಚಿಲ್ಲರೆಯಲ್ಲಿ ಸಂಸಾರ ನಡೆಯಬೇಕು. ನನ್ನ ಮಾಮೂ, ಅಂದರೆ ತಾಯಿಯ ತಮ್ಮ, ಮೂವತ್ತು ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದಾರೆ. ಇಲ್ಲಿ ಹೇಳಲು ಅವರ ಒಪ್ಪಿಗೆ ಪಡೆದಿದ್ದೇನೆ. "ಹೇಳು, ನನ್ನ ಹೆಸರು ಮಾತ್ರ ಬೇಡ" ಎಂದಿದ್ದಾರೆ.

2020ರ ಮಾರ್ಚ್ 25ರಿಂದ ದೇಶಕ್ಕೆ ಬೀಗ ಬಿತ್ತು. ಸಂತೆ ಇಲ್ಲ, ಜಾತ್ರೆ ಇಲ್ಲ, ಸಂಜೆಯ ಮಿರ್ಚಿ ಮಂಡಕ್ಕಿ ಗಾಡಿ ಇಲ್ಲ. ಆ ವರ್ಷದ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ದೇಶದ ಒಟ್ಟು ಉತ್ಪಾದನೆ ಹಿಂದಿನ ವರ್ಷಕ್ಕಿಂತ ಶೇ. 23ಕ್ಕೂ ಹೆಚ್ಚು ಕುಸಿಯಿತೆಂದು ಸರ್ಕಾರವೇ ಪ್ರಕಟಿಸಿತು. ಭಟ್ಟಿಯಲ್ಲಿ ಕುಸಿದದ್ದು ಅದಕ್ಕಿಂತ ಬಹಳ ಹೆಚ್ಚು. ಬೀಗ ತೆಗೆದ ಮೇಲೂ ಹಳೆಯ ಬಾಕಿ ಬರಲಿಲ್ಲ. ಬಾಕಿ ಕೊಡಬೇಕಾದ ಅಂಗಡಿಯವರು ತಾವೇ ಸಾಲದಲ್ಲಿದ್ದರು. ಭತ್ತದವರು ಮಾತ್ರ ಇನ್ನು ಮುಂದೆ ನಗದು ಎಂದರು.

ಮೋಸ ಮಾಡುವವನು ಇಂಥ ಸಮಯವನ್ನೇ ಕಾಯುತ್ತಾನೆ. ಒಳ್ಳೆಯ ದಿನಗಳಲ್ಲಿ ವ್ಯಾಪಾರಿಯೇ ಗಿರಾಕಿಯನ್ನು ಆರಿಸುತ್ತಾನೆ. ಕೆಟ್ಟ ದಿನಗಳಲ್ಲಿ ಯಾರು ಬಂದರೂ ಫರಿಷ್ತೆ ಬಂದ ಹಾಗೆ ಕಾಣುತ್ತದೆ.

ಸೆಪ್ಟೆಂಬರ್ ತಿಂಗಳಲ್ಲಿ ಒಬ್ಬರು ಬಂದರು. ಪಕ್ಕದ ಜಿಲ್ಲೆಯಲ್ಲಿ ಹೋಲ್‌ಸೇಲ್ ಅಂಗಡಿ ಇದೆ ಎಂದರು. ಅಚ್ಚುಕಟ್ಟಾದ ವಿಸಿಟಿಂಗ್ ಕಾರ್ಡು, ಅದರ ಮೇಲೆ ಜಿಎಸ್‌ಟಿ ಸಂಖ್ಯೆ. ಮಾತು ಬಹಳ ಮೃದು. ಜೊಹರ್ ನಮಾಜಿಗೆ ಮಾಮೂ ಪಕ್ಕದಲ್ಲೇ ಸಫ್‌ನಲ್ಲಿ ನಿಂತರು. ಮೊದಲ ಸಲ 20 ಚೀಲ ಒಯ್ದು ಸ್ಥಳದಲ್ಲೇ ನಗದು ಎಣಿಸಿದರು. ಎರಡನೇ ಸಲ 40 ಚೀಲ, ಎರಡು ದಿನದಲ್ಲಿ ಫೋನಿನ ಮೂಲಕ ಹಣ ಬಂತು. ಮೂರನೇ ಸಲ 60 ಚೀಲ, ಒಂದು ವಾರದಲ್ಲಿ ಹಣ ಸೇರಿತು. ನಾಲ್ಕನೇ ಸಲ ಒಂದು ಲಾರಿ ಲೋಡು, ಸುಮಾರು 1 ಲಕ್ಷ 10 ಸಾವಿರ ರೂಪಾಯಿ. ಮುಂದಿನ ತಾರೀಖಿನ ಚೆಕ್ಕು ಕೊಟ್ಟರು. ಲೋಡು ತುಂಬಲು ಮಾಮೂ ನೆರೆಯ ಎರಡು ಭಟ್ಟಿಗಳಿಂದ ತಮ್ಮ ಜವಾಬ್ದಾರಿಯ ಮೇಲೆ ಚೀಲ ತಂದಿದ್ದರು.

ಚೆಕ್ಕು ವಾಪಸಾಯಿತು. ಖಾತೆಯೇ ಮುಚ್ಚಿತ್ತು.

ಇದು ಹೊಸ ತಂತ್ರವೇನೂ ಅಲ್ಲ. ಸಣ್ಣ ಸಣ್ಣ ವ್ಯವಹಾರದಲ್ಲಿ ಸರಿಯಾಗಿ ಹಣ ಕೊಟ್ಟು ನಂಬಿಕೆ ಸಂಪಾದಿಸುವುದು, ಕೊನೆಗೆ ದೊಡ್ಡ ಮಾಲು ಉಧಾರಿ ಎತ್ತಿ ಮಾಯವಾಗುವುದು. ಮೊದಲ ಮೂರು ಸಲ ಕೊಟ್ಟದ್ದು ಗಾಳಕ್ಕೆ ಸಿಕ್ಕಿಸಿದ ಎರೆಹುಳು. ಗಮನಿಸಬೇಕಾದ ಗುರುತು ಒಂದೇ: ಬೇಡಿಕೆ ಬೆಳೆಯುವ ವೇಗ ಮತ್ತು ಗಡುವು ಹಿಗ್ಗುವ ವೇಗ. 20ರಿಂದ 60 ಚೀಲಕ್ಕೆ, ಅಲ್ಲಿಂದ ನೇರ ಲೋಡಿಗೆ. ನಗದಿನಿಂದ ಎರಡು ದಿನ, ಅಲ್ಲಿಂದ ವಾರ, ಆಮೇಲೆ ಚೆಕ್ಕು. ಊರೆಲ್ಲ ಮಾರಾಟವಿಲ್ಲದೆ ಕುಳಿತಿರುವಾಗ ಈತನಿಗೆ ಮಾತ್ರ ಅಷ್ಟು ಮಂಡಕ್ಕಿ ಎಲ್ಲಿ ಖರ್ಚಾಗುತ್ತದೆ ಎಂಬ ಪ್ರಶ್ನೆಯನ್ನು ನಾವು ಯಾರೂ ಕೇಳಿಕೊಳ್ಳಲಿಲ್ಲ.

ಆ ಕಾರ್ಡಿನ ಮೇಲಿನ ಸಂಖ್ಯೆಯನ್ನು ನಾನು ಪರೀಕ್ಷಿಸಿದ್ದು ಎಲ್ಲ ಮುಗಿದ ಮೇಲೆ. ವಿದ್ಯಾರ್ಥಿಗಳು ಇದನ್ನು ಗಮನವಿಟ್ಟು ಕೇಳಬೇಕು, ಏಕೆಂದರೆ ಮನೆಯಲ್ಲಿ ಫೋನು ಚೆನ್ನಾಗಿ ಬಳಸುವವರು ನೀವೇ. ಜಿಎಸ್‌ಟಿ ಸಂಖ್ಯೆಯಲ್ಲಿ 15 ಅಕ್ಷರ ಮತ್ತು ಅಂಕಿಗಳಿರುತ್ತವೆ. ಮೊದಲ ಎರಡು ಅಂಕಿ ರಾಜ್ಯದ್ದು: ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27, ತೆಲಂಗಾಣಕ್ಕೆ 36. ನಂತರದ ಹತ್ತು ಆ ವ್ಯಾಪಾರಿಯ ಪ್ಯಾನ್ ಸಂಖ್ಯೆ. ಜಿಎಸ್‌ಟಿ ಜಾಲತಾಣದಲ್ಲಿ ತೆರಿಗೆದಾರರನ್ನು ಹುಡುಕುವ ಪುಟವಿದೆ. ಲಾಗಿನ್ ಬೇಡ, ದುಡ್ಡು ಬೇಡ. ಸಂಖ್ಯೆ ಹಾಕಿದರೆ ನೋಂದಣಿ ಯಾರ ಹೆಸರಿನಲ್ಲಿದೆ, ಯಾವ ದಿನ ಆಯಿತು, ಇನ್ನೂ ಜೀವಂತ ಇದೆಯೋ ರದ್ದಾಗಿದೆಯೋ ಎಲ್ಲ ಕಾಣುತ್ತದೆ. ಈ ಮನುಷ್ಯ "ಇಪ್ಪತ್ತು ವರ್ಷದ ಅಂಗಡಿ" ಎಂದಿದ್ದರು. ನೋಂದಣಿ ಆಗಿದ್ದು ಅವರು ಭಟ್ಟಿಗೆ ಬರುವ ಮೂರು ತಿಂಗಳ ಮುಂಚೆ, ಅದೂ ಬೇರೊಬ್ಬರ ಹೆಸರಿನಲ್ಲಿ. ಎರಡು ನಿಮಿಷದ ಕೆಲಸ. ಬಿ.ಎಡ್. ಮಾಡಿದ ಅಳಿಯ ಪಕ್ಕದ ಬೀದಿಯಲ್ಲೇ ಇದ್ದೆ. ಮಾಮೂ ಕೇಳಲಿಲ್ಲ, ನಾನೂ ವಿಚಾರಿಸಲಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ಚೆಕ್ಕು ವಾಪಸಾದ ಮೇಲೆ ಆಯಿತು. ಆ ಮನುಷ್ಯ ಆಗಲೂ ಫೋನು ಎತ್ತುತ್ತಿದ್ದರು. "ಇನ್‌ಷಾ ಅಲ್ಲಾಹ್ ಮುಂದಿನ ಜುಮಾದೊಳಗೆ" ಎನ್ನುತ್ತಿದ್ದರು. ಒಂದು ಜುಮಾ ಹೋಯಿತು, ನಾಲ್ಕು ಹೋದವು, ಹತ್ತು ಹೋದವು. ಮಾಮೂ ಚೆಕ್ಕನ್ನು ಟ್ರಂಕಿನಲ್ಲಿಟ್ಟು ಕಾದರು. ನನಗೆ ತೋರಿಸಿದಾಗ ನಾಲ್ಕು ತಿಂಗಳು ಕಳೆದಿತ್ತು. ವಕೀಲರ ಬಳಿ ಕರೆದುಕೊಂಡು ಹೋದೆ. ಅಂದು ತಿಳಿದದ್ದನ್ನು ಇಲ್ಲಿರುವ ಪ್ರತಿಯೊಬ್ಬ ಅಂಗಡಿಯವರೂ ಬರೆದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಚೆಕ್ಕಿನ ಆಯುಷ್ಯ ಅದರ ಮೇಲಿನ ತಾರೀಖಿನಿಂದ 3 ತಿಂಗಳು. ವಾಪಸಾದ ವಿಷಯ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಚೆಕ್ಕು ಕೊಟ್ಟವರಿಗೆ ಲಿಖಿತ ನೋಟೀಸು ಹೋಗಬೇಕು. ನೋಟೀಸು ತಲುಪಿದ ಮೇಲೆ ಹಣ ಕೊಡಲು ಅವರಿಗೆ 15 ದಿನ. ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ನ್ಯಾಯಾಲಯದಲ್ಲಿ ದೂರು. ಇದು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೇ ಕಲಮು. ಖಾತೆ ಮುಚ್ಚಿದ್ದರೂ ಅನ್ವಯಿಸುತ್ತದೆ. ಆ "ಮುಂದಿನ ಜುಮಾ" ಎಂಬ ಮಾತು ಸುಮ್ಮನೆ ಆಡಿದ ಮಾತಾಗಿರಲಿಲ್ಲ. ಆತನಿಗೆ ಈ 30 ದಿನದ ಲೆಕ್ಕ ನಮಗಿಂತ ಚೆನ್ನಾಗಿ ಗೊತ್ತಿತ್ತು.

"ಮಾಮೂ, ಇಷ್ಟು ದೊಡ್ಡ ಲೋಡು ಕೊಡುವಾಗ ಒಂದು ಕಾಗದ ಬರೆಸಿಕೊಳ್ಳಬಾರದಿತ್ತೇ?" ಎಂದು ಕೇಳಿದೆ. ಅವರು ಹೇಳಿದ ಉತ್ತರದ ಸಲುವಾಗಿಯೇ ನಾನು ಈ ಭಾಷಣ ಮಾಡುತ್ತಿದ್ದೇನೆ. "ಪಕ್ಕದಲ್ಲಿ ನಿಂತು ನಮಾಜು ಮಾಡಿದವನಿಗೆ ಬರೆದುಕೊಡು ಅಂತ ಹೇಗೆ ಕೇಳಲಿ? ನಂಬಿಕೆ ಇಲ್ಲ ಅಂದ ಹಾಗಾಗೋದಿಲ್ಲವಾ?"

ಹಿರಿಯರೇ, ಈ ಸಂಕೋಚ ನಮ್ಮಲ್ಲಿ ಎಲ್ಲಿಂದ ಬಂತೆಂದು ನನಗೆ ತಿಳಿಯದು. ನಮ್ಮ ದೀನಿನಿಂದಂತೂ ಬಂದಿಲ್ಲ. ಕುರ್‌ಆನಿನ ಅತಿ ಉದ್ದದ ಆಯತ್ ಯಾವುದು ಎಂದು ಮದ್ರಸಾದ ಮಕ್ಕಳನ್ನು ಕೇಳಿ, ಸೂರಾ ಬಕರದ 282ನೇ ಆಯತ್ ಎನ್ನುತ್ತಾರೆ. ಅದರ ವಿಷಯ ಸಾಲ. ಅವಧಿಯ ಮೇಲೆ ಸಾಲದ ವ್ಯವಹಾರ ಮಾಡಿದರೆ ಬರೆದಿಡಬೇಕು, ನ್ಯಾಯವಾಗಿ ಬರೆಯುವವನೊಬ್ಬ ಬರೆಯಬೇಕು, ಸಾಕ್ಷಿಗಳಿರಬೇಕು, ಮೊತ್ತ ಚಿಕ್ಕದಿರಲಿ ದೊಡ್ಡದಿರಲಿ ಬರೆಯಲು ಬೇಸರಪಡಬಾರದು ಎಂಬುದು ಅದರ ತಾತ್ಪರ್ಯ. ಕೈಯಿಂದ ಕೈಗೆ ನಡೆಯುವ ನಗದು ವ್ಯಾಪಾರಕ್ಕೆ ಮಾತ್ರ ಬರಹದ ವಿನಾಯಿತಿ ಇದೆ. ಇನ್ನೊಂದು ಸೂಕ್ಷ್ಮವನ್ನು ಗಮನಿಸಿ. ಒಕ್ಕಣೆಯನ್ನು ಹೇಳಿ ಬರೆಸಬೇಕಾದವನು ಸಾಲ ಕೊಟ್ಟವನಲ್ಲ, ಹಣ ಕೊಡಬೇಕಾದವನು. ತನ್ನ ಬಾಯಿಂದಲೇ ತನ್ನ ಬಾಕಿಯನ್ನು ಹೇಳಬೇಕು. ಈ ಆಯತ್ ಇಳಿದದ್ದು ಈಮಾನ್ ಉಳ್ಳವರನ್ನು ಉದ್ದೇಶಿಸಿ. ಒಬ್ಬರನ್ನೊಬ್ಬರು ನಂಬುತ್ತಿದ್ದ ಜನಕ್ಕೇ ಬರೆದಿಡಿ ಎಂಬ ಅಪ್ಪಣೆಯಾಯಿತು. ಹಾಗಿರುವಾಗ ಬರೆಸಿಕೊಂಡರೆ ಅಪನಂಬಿಕೆ ಆಗುವುದೆಂತು?

ಇನ್ನು ಒಳಗಿನ ಮೋಸದ ವಿಚಾರ. ಇದನ್ನು ಹೇಳಲು ನನಗೆ ಕಷ್ಟವಾಗುತ್ತದೆ. ಏಕೆಂದರೆ ಮೋಸ ಮಾಡಿದವರೂ ನನಗೆ ಬೇಕಾದವರು.

ಅದೇ ಭಟ್ಟಿಯಲ್ಲಿ ಹದಿನಾಲ್ಕು ವರ್ಷ ದುಡಿದ ಒಬ್ಬರಿದ್ದರು. ಅಂಗಡಿಗಳಿಗೆ ಚೀಲ ಹಾಕುವುದು, ವಾರಕ್ಕೊಮ್ಮೆ ವಸೂಲಿ ಮಾಡುವುದು, ಪುಸ್ತಕದಲ್ಲಿ ಬರೆಯುವುದು, ಮೂರೂ ಅವರ ಕೈಯಲ್ಲೇ. ಲಾಕ್‌ಡೌನಿನಲ್ಲಿ ಅವರ ಕೂಲಿ ಅರ್ಧಕ್ಕಿಳಿಯಿತು. ಮಾಮೂ ಬಳಿಯೂ ಇರಲಿಲ್ಲ, ಕೊಡಲಾಗಲಿಲ್ಲ. ವರ್ಷದ ಕೊನೆಗೆ ನೋಡಿದರೆ ಮೂರು ಅಂಗಡಿಗಳವರು ತಾವು ಹಣ ಕೊಟ್ಟಾಗಿದೆ ಎನ್ನುತ್ತಾರೆ, ಪುಸ್ತಕ ಬಾಕಿ ಎನ್ನುತ್ತದೆ. 9 ಸಾವಿರ ರೂಪಾಯಿ. ಕೇಳಿದಾಗ ಆ ಮನುಷ್ಯ ಅತ್ತುಬಿಟ್ಟರು. ಹೆಂಡತಿಯ ಆಪರೇಷನ್ನಿಗೆ ತೆಗೆದುಕೊಂಡೆ, ಸೀಜನ್ ಬಂದಾಗ ಮತ್ತೆ ತುಂಬಿಸಿ ಇಡುತ್ತಿದ್ದೆ ಎಂದರು.

ಡೊನಾಲ್ಡ್ ಕ್ರೆಸ್ಸಿ ಎಂಬ ಅಮೆರಿಕದ ಅಪರಾಧ ಶಾಸ್ತ್ರಜ್ಞರು ನಂಬಿಕೆದ್ರೋಹ ಮಾಡಿ ಜೈಲು ಸೇರಿದವರನ್ನು ಮಾತನಾಡಿಸಿ 1953ರಲ್ಲಿ ಒಂದು ಪುಸ್ತಕ ಬರೆದರು. ಅವರು ಕಂಡದ್ದು ಮೂರು ಸಂಗತಿ. ಯಾರಿಗೂ ಹೇಳಿಕೊಳ್ಳಲಾಗದ ಹಣದ ಕಷ್ಟ, ಸಿಕ್ಕಿಬೀಳದೆ ತೆಗೆಯಬಹುದಾದ ಅವಕಾಶ, ಮತ್ತು "ಇದು ಕಳ್ಳತನವಲ್ಲ, ಸಾಲ" ಎಂದು ಮನಸ್ಸಿಗೆ ತಾನೇ ಹೇಳಿಕೊಳ್ಳುವ ನೆಪ. ಇದನ್ನು ಓದಿದಾಗ ಆ ಮನುಷ್ಯನ ಮುಖವೇ ಕಣ್ಣಮುಂದೆ ಬಂತು. ಮೂರೂ ಇದ್ದವು. ವ್ಯಾಪಾರ ಇಳಿದಾಗ ಮೊದಲನೆಯದು ಎಲ್ಲರ ಮನೆಗೂ ಬರುತ್ತದೆ. ಎರಡನೆಯದನ್ನು ಕಡಿಮೆ ಮಾಡುವುದು ಮಾಲೀಕನ ಕೈಯಲ್ಲಿದೆ. ವಸೂಲಿ ಮಾಡುವವನೇ ಪುಸ್ತಕ ಬರೆಯಬಾರದು, ಪ್ರತಿ ವಸೂಲಿಗೆ ರಸೀದಿ ಹರಿಯಬೇಕು, ತಿಂಗಳಿಗೊಮ್ಮೆ ಮಾಲೀಕ ತಾನೇ ನಾಲ್ಕು ಅಂಗಡಿಗೆ ಹೋಗಿ ಬಾಕಿ ಎಷ್ಟೆಂದು ಕೇಳಬೇಕು. ಮೊದಲನೆಯದರ ವಿಷಯದಲ್ಲೂ ಒಂದು ಮಾತಿದೆ. "ಕೇಳಿದ್ದರೆ ಒಡವೆ ಇಟ್ಟಾದರೂ ಕೊಡುತ್ತಿದ್ದೆ" ಎಂದು ಮಾಮೂ ಈಗಲೂ ಹೇಳುತ್ತಾರೆ. ಆದರೆ ಕೂಲಿ ಅರ್ಧ ಮಾಡಿದ ದಿನ "ಮನೆಯಲ್ಲಿ ಹೇಗಿದೆ?" ಎಂದು ಕೇಳಿರಲಿಲ್ಲ ಎಂಬುದನ್ನೂ ಅವರೇ ಒಪ್ಪಿಕೊಂಡಿದ್ದಾರೆ. ಆ ವ್ಯಕ್ತಿ ಈಗ ಬೇರೆ ಕಡೆ ಕೆಲಸ ಮಾಡುತ್ತಿದ್ದಾರೆ. ಅವರನ್ನು ಬಿಟ್ಟದ್ದು ಸರಿಯೇ ಎಂದು ನನ್ನನ್ನು ಕೇಳಬೇಡಿ. ನನಗೆ ಇಂದಿಗೂ ಎರಡು ಮನಸ್ಸು.

ಫೋನಿನ ಮೋಸಗಳ ಬಗ್ಗೆ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ, ಮಕ್ಕಳಿಗೆ ನನಗಿಂತ ಹೆಚ್ಚು ಗೊತ್ತು. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ. ಪಿನ್ ಕೇಳಿತೆಂದರೆ ಹಣ ಹೋಗುತ್ತಿದೆ ಎಂದರ್ಥ. ಗಿರಾಕಿಯ ಫೋನಿನಲ್ಲಿ ಕಾಣುವ ಹಸಿರು ಗುರುತನ್ನು ನಂಬಬೇಡಿ, ಹಾಗೆ ತೋರಿಸುವ ನಕಲಿ ಆ್ಯಪ್‌ಗಳಿವೆ. ನಿಮ್ಮ ಖಾತೆಗೆ ಬಂದದ್ದನ್ನು ನೋಡಿ. ಅಂಗಡಿ ಬಾಗಿಲಿಗೆ ಅಂಟಿಸಿದ ಕ್ಯೂಆರ್ ಚೀಟಿಯ ಮೇಲೆ ರಾತ್ರೋರಾತ್ರಿ ಬೇರೆ ಚೀಟಿ ಅಂಟಿಸಿ ಹೋಗುವವರಿದ್ದಾರೆ, ಬೆಳಿಗ್ಗೆ ಬಾಗಿಲು ತೆಗೆದಾಗ ಒಮ್ಮೆ ಪರೀಕ್ಷಿಸಿ. "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇದಕ್ಕೆ ಹಾಕಿ" ಎಂದು ಮಾಲು ಕಳಿಸುವವರ ಹೆಸರಿನಲ್ಲಿ ಸಂದೇಶ ಬಂದರೆ ಅವರ ಹಳೆಯ ನಂಬರಿಗೆ ಫೋನು ಮಾಡಿ ಕೇಳಿ. ಹಣ ಹೋಗಿಯೇ ಬಿಟ್ಟರೆ ನಾಚಿಕೆಪಟ್ಟು ಕೂರಬೇಡಿ. ಆ ಕ್ಷಣವೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಕೈ ಬದಲಾಯಿಸುವ ಮೊದಲು ತಡೆಯುವ ಅವಕಾಶ ಆರಂಭದ ಹೊತ್ತಿನಲ್ಲೇ ಹೆಚ್ಚು.

ಸಾಲದ ಮೋಸ ಮಾತ್ರ ಇಷ್ಟು ಚಿಕ್ಕದಲ್ಲ. 2020ರಲ್ಲಿ ರಿಸರ್ವ್ ಬ್ಯಾಂಕು ಸಾಲದ ಕಂತುಗಳಿಗೆ ಆಗಸ್ಟ್ ಕೊನೆಯವರೆಗೆ ವಿನಾಯಿತಿ ಕೊಟ್ಟಾಗ, "ಕಂತು ಮುಂದೂಡಿಸಿ ಕೊಡುತ್ತೇವೆ, ಒಟಿಪಿ ಹೇಳಿ" ಎಂದು ಕರೆಗಳು ಬಂದವು. ಫೋನಿನ ಆ್ಯಪ್‌ಗಳು ಐದು ನಿಮಿಷದಲ್ಲಿ ಸಾಲ ಕೊಟ್ಟು, ಫೋನಿನಲ್ಲಿದ್ದ ಬಂಧುಗಳ ನಂಬರಿಗೆಲ್ಲ ಅವಮಾನದ ಸಂದೇಶ ಕಳಿಸಿ ಜನರ ಜೀವ ಹಿಂಡಿದವು. ಆ ವರ್ಷದ ಡಿಸೆಂಬರಿನಲ್ಲಿ ರಿಸರ್ವ್ ಬ್ಯಾಂಕೇ ಇದರ ಬಗ್ಗೆ ಸಾರ್ವಜನಿಕ ಎಚ್ಚರಿಕೆ ಹೊರಡಿಸಬೇಕಾಯಿತು. ಮುದ್ರಾ ಸಾಲ ಕೊಡಿಸುತ್ತೇವೆಂದು ಮೊದಲೇ ಫೀಸು ಕೇಳುವವರು ಇನ್ನೂ ಇದ್ದಾರೆ. ಮುದ್ರಾ ಸಂಸ್ಥೆ ತಾನು ಯಾವ ಏಜೆಂಟರನ್ನೂ ನೇಮಿಸಿಲ್ಲವೆಂದು ಹೇಳಿದೆ. ಸಣ್ಣ ಉದ್ದಿಮೆಯ ಉದ್ಯಮ್ ನೋಂದಣಿಯೂ ಪೂರ್ತಿ ಉಚಿತ. ಅದನ್ನು ಮಾಡಿಸಿಕೊಂಡ ಉತ್ಪಾದಕರಿಗೆ 2006ರ ಕಾಯಿದೆಯ ರಕ್ಷಣೆ ಇದೆ. ಮಾಲು ಕೊಂಡವರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ಬಡ್ಡಿ ತೆರಬೇಕು. ಬಡ್ಡಿ ನಮಗೆ ಬೇಡ, ಅಸಲು ವಸೂಲಿಗಾದರೂ ಆ ಕಾಯಿದೆ ಉಪಯೋಗವಾದೀತು. ಆದರೆ ಅದಕ್ಕೂ ಬಿಲ್ಲು ಬೇಕು, ಮಾಲು ತಲುಪಿದ ಸಹಿ ಬೇಕು. ತಿರುಗಿ ಬರಹಕ್ಕೇ ಬಂದೆವು.

ಕೊನೆಯದಾಗಿ, ಅಂಗಡಿಯ ಬಂಡವಾಳವನ್ನೇ ತೆಗೆದು ಬೇರೆಯವರ ಕೈಗಿಡುವ ವಿಚಾರ. ವ್ಯಾಪಾರ ಸಪ್ಪೆಯಾದಾಗ "ಇದನ್ನು ಇಲ್ಲಿಟ್ಟು ಏನು ಪ್ರಯೋಜನ, ಅಲ್ಲಿಟ್ಟರೆ ತಿಂಗಳು ತಿಂಗಳು ಬರುತ್ತದೆ" ಎಂಬ ಯೋಚನೆ ಸಹಜ. ಬೆಂಗಳೂರಿನ ಐಎಂಎ ಪ್ರಕರಣ ನಿಮಗೆಲ್ಲ ಗೊತ್ತು. ಬಡ್ಡಿ ಹರಾಮ್ ಎಂದು ನಂಬಿದ ಜನರಿಗೆ ಹಲಾಲ್ ಲಾಭದ ಹೆಸರಿನಲ್ಲಿ ಕರೆ ಕೊಟ್ಟ ಕಂಪನಿ ಅದು. ಹೂಡಿದವರನ್ನು ಠೇವಣಿದಾರರೆನ್ನದೆ ಪಾಲುದಾರರೆಂದು ಬರೆಸಿಕೊಂಡಿತ್ತು. 2019ರ ಜೂನ್‌ನಲ್ಲಿ ಕುಸಿದುಬಿದ್ದಾಗ ಶಿವಾಜಿನಗರದಲ್ಲಿ ದೂರು ಹಿಡಿದು ನಿಂತವರು ಸಾವಿರ ಸಾವಿರ. ತನಿಖಾ ಸಂಸ್ಥೆಗಳ ಲೆಕ್ಕದಲ್ಲಿ ಸುಮಾರು 4,000 ಕೋಟಿ ರೂಪಾಯಿ. ಹೆಣ್ಣುಮಕ್ಕಳ ಮದುವೆಯ ಹಣ, ಗಲ್ಫಿನಲ್ಲಿ ದುಡಿದ ಹಣ, ಅಂಗಡಿ ಮಾರಿ ತಂದ ಹಣ. ಅದೇ ಕಂಪನಿಯ ನೆರವು ಶಿವಾಜಿನಗರದ ಒಂದು ಸರ್ಕಾರಿ ಶಾಲೆಗೂ ಹರಿದಿತ್ತು. ಶಿಕ್ಷಕನಾಗಿ ನನ್ನನ್ನು ಹೆಚ್ಚು ಕಾಡುವುದು ಇದೇ. ಒಳ್ಳೆಯ ಕೆಲಸ ಕಂಡ ಕಣ್ಣು ಲೆಕ್ಕ ಕೇಳುವುದನ್ನು ಮರೆಯುತ್ತದೆ.

ಇದು ನಮ್ಮ ಸಮುದಾಯದ ಕಾಯಿಲೆ ಮಾತ್ರ ಎಂದು ತಿಳಿಯಬೇಡಿ. ನ್ಯೂಯಾರ್ಕಿನ ಬರ್ನಾರ್ಡ್ ಮ್ಯಾಡಾಫ್ ಯಹೂದಿ ಸಮುದಾಯದ ಗೌರವಾನ್ವಿತ ವ್ಯಕ್ತಿ. ಅವರನ್ನು ನಂಬಿ ಹಣವಿಟ್ಟವರಲ್ಲಿ ಯಹೂದಿ ಧರ್ಮದತ್ತಿಗಳು, ಒಂದು ವಿಶ್ವವಿದ್ಯಾಲಯ ಕೂಡ ಇದ್ದವು. ಹೊಸಬರ ಹಣ ತೆಗೆದು ಹಳಬರಿಗೆ ಲಾಭವೆಂದು ಹಂಚುತ್ತಿದ್ದರು. 2008ರ ಆರ್ಥಿಕ ಕುಸಿತದಲ್ಲಿ ಹೂಡಿದವರೆಲ್ಲ ಒಟ್ಟಿಗೆ ಹಣ ವಾಪಸು ಕೇಳಿದಾಗ ಕೊಡಲು ಏನೂ ಇರಲಿಲ್ಲ. ಆ ಡಿಸೆಂಬರಿನಲ್ಲಿ ಬಂಧನವಾಯಿತು, 2009ರಲ್ಲಿ 150 ವರ್ಷಗಳ ಶಿಕ್ಷೆಯಾಯಿತು. ಅಲ್ಲೂ ಇಲ್ಲೂ ಗುರುತು ಒಂದೇ ಇತ್ತು. ಮಳೆ ಬರಲಿ, ಬರ ಬರಲಿ, ಪೇಟೆ ಏಳಲಿ, ಬೀಳಲಿ, ಲಾಭ ಮಾತ್ರ ನಿಲ್ಲುತ್ತಿರಲಿಲ್ಲ. ಮಂಡಕ್ಕಿ ಭಟ್ಟಿಯವರನ್ನು ಕೇಳಿ ನೋಡಿ, ವರ್ಷದ ಹನ್ನೆರಡು ತಿಂಗಳೂ ಲಾಭ ಕಂಡವರು ಯಾರಿದ್ದಾರೆ? ನಷ್ಟದಲ್ಲಿ ಪಾಲು ಇಲ್ಲದ ಮೇಲೆ ಅದು ಪಾಲುದಾರಿಕೆ ಹೇಗಾಯಿತು ಎಂದು ನಮ್ಮ ಆಲಿಮ್‌ಗಳನ್ನೇ ಕೇಳಬಹುದಿತ್ತು.

ಮಾಮೂ ನೆರೆಯ ಎರಡು ಭಟ್ಟಿಗಳ ಸಾಲವನ್ನು ಎರಡು ವರ್ಷಗಳಲ್ಲಿ ತೀರಿಸಿದರು. ಈಗ ಭಟ್ಟಿಯಲ್ಲಿ ಒಂದು ಉದ್ದನೆಯ ರಿಜಿಸ್ಟರ್ ಇದೆ. 9ನೇ ತರಗತಿಯಲ್ಲಿರುವ ಅವರ ಕಿರಿಯ ಮಗಳು, ನನ್ನ ವಿದ್ಯಾರ್ಥಿನಿಯೂ ಹೌದು, ಶಾಲೆಯಿಂದ ಬಂದ ಮೇಲೆ ಅದರಲ್ಲಿ ಬರೆಯುತ್ತಾಳೆ. ಉಧಾರಿ ಒಯ್ಯುವವರು ತಾವೇ ಹೇಳಿ ಬರೆಸಬೇಕು: ಇಷ್ಟು ಚೀಲ, ಇಷ್ಟು ಹಣ, ಇಂಥ ದಿನ. ಕೆಳಗೆ ಸಹಿ, ಪಕ್ಕದ ಭಟ್ಟಿಯವರ ಸಾಕ್ಷಿ. ಹಳೆಯ ಗಿರಾಕಿಗಳು ಮೊದಮೊದಲು ನಕ್ಕರು, ಈಗ ತಾವಾಗಿಯೇ ಪೆನ್ನು ಕೇಳುತ್ತಾರೆ.

ಹೋದ ತಿಂಗಳು ಒಬ್ಬ ಹೊಸಬರು 30 ಚೀಲ ಉಧಾರಿ ಕೇಳಿದರು. ಮಾಮೂ ರಿಜಿಸ್ಟರ್ ಮುಂದಿಟ್ಟರು. "ನಮ್ಮವರ ಮೇಲೇ ನಂಬಿಕೆ ಇಲ್ಲವಾ ನಿಮಗೆ?" ಎಂದು ಎದ್ದು ಹೋದರು. ವ್ಯಾಪಾರ ಸಪ್ಪೆಯಾಗಿದ್ದ ವಾರ ಅದು. ಆ ರಾತ್ರಿ ಮಾಮೂ ನಿದ್ದೆ ಮಾಡಲಿಲ್ಲವೆಂದು ಮಾಮಿ ಹೇಳಿದರು. ಹೋದವರು ಮೋಸಗಾರರೋ, ನಿಜವಾಗಿ ನೊಂದ ಮರ್ಯಾದಸ್ಥರೋ ನಮಗೆ ಗೊತ್ತಿಲ್ಲ. ಬೆಳಿಗ್ಗೆ ಭಟ್ಟಿಗೆ ಬೆಂಕಿ ಹಾಕುವ ಮುಂಚೆ ಮಾಮೂ ಮಗಳನ್ನು ಕರೆದು ರಿಜಿಸ್ಟರ್ ತೆಗೆಸಿ, ಆ ದಿನದ ತಾರೀಖು ಬರೆಸಿದರು.

ಜೊಹರ್ ನಮಾಜಿನ ನಂತರ ನಾನು 8ನೇ ತರಗತಿಯ ಕೋಣೆಯಲ್ಲಿರುತ್ತೇನೆ. ವಾಪಸಾದ ಚೆಕ್ಕು, ಹಳೆಯ ಬಾಕಿಯ ಚೀಟಿ, ಯಾವುದಾದರೂ ಕಂಪನಿಯ ಕಾಗದ ಇದ್ದವರು ತೆಗೆದುಕೊಂಡು ಬನ್ನಿ. ಚೆಕ್ಕು ವಾಪಸಾಗಿ 30 ದಿನ ಆಗದಿದ್ದವರು ಮೊದಲು ಬನ್ನಿ.